ಪದ ಬೇಕು: ಆಟೋಕ್ರಾಸ್, ಮಸಲ್ ಕಾರ್ (ಶುಕ್ರವಾರದೊಳಗೆ)

ಎಲ್ಲರಿಗೂ ನಮಸ್ಕಾರ,

ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಒಂದು ಬರಹ ಕೊಟ್ಟಿದ್ದೆ. 'ಆಟೋಕ್ರಾಸ್', 'ಮಸಲ್ ಕಾರ್' ಎರಡಕ್ಕೂ ಕನ್ನಡ ಪದ ಹಾಕಿ ಅಂತ ಸಂಪಾದಕರು ವಾಪಸ್ ಕಳಿಸಿದ್ದಾರೆ. ಶುಕ್ರವಾರ ಅಚ್ಚಿಗೆ ಹೋಗುತ್ತದೆ.

ಮಸಲ್ ಕಾರ್ ಅಂದರೆ ದೊಡ್ಡ ಎಂಜಿನ್ ಹಾಕಿದ ಅಮೆರಿಕದ ಕಾರು. ಆಟೋಕ್ರಾಸ್ ಆಟ ಹೀಗೆ: ದೊಡ್ಡ ಪಾರ್ಕಿಂಗ್ ಜಾಗದಲ್ಲೋ ಹಳೇ ವಿಮಾನ ನಿಲ್ದಾಣದಲ್ಲೋ ಕಿತ್ತಳೆ ಬಣ್ಣದ ಕೋನ್ ಇಟ್ಟು ಅಂಕುಡೊಂಕು ದಾರಿ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಕಾರು, ಒಂದು ನಿಮಿಷದ ಆಸುಪಾಸಿನ ಓಟ, ಸೆಕೆಂಡಿನ ಸಾವಿರದ ಒಂದು ಭಾಗದ ತನಕ ಲೆಕ್ಕ. ಒಂದು ಕೋನ್ ಬೀಳಿಸಿದರೆ 2 ಸೆಕೆಂಡ್ ದಂಡ. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ಇದನ್ನು 'ಸೋಲೋ' ಅನ್ನುತ್ತದೆ. ಅದರಲ್ಲಿ 'ಕ್ಲಾಸಿಕ್ ಅಮೆರಿಕನ್ ಮಸಲ್' ಅಂತ ಒಂದು ವಿಭಾಗ, ಕಮಾರೋ, ಮಸ್ಟಾಂಗ್‌ನಂಥ ಹಳೇ, ಹೊಸ ಅಮೆರಿಕನ್ ಕಾರುಗಳನ್ನು ಮಾರ್ಪಡಿಸಿ ತರುವವರಿಗೆ. ನನ್ನ ಬರಹ ಅವರಲ್ಲಿ ಹಳೇ ಕಾರು ತರುವವರ ಬಗ್ಗೆ. ದಯವಿಟ್ಟು ಬೇಗ ಹೇಳಿ.

(ಮಿಶಿಗನ್)

———

ಇದರಲ್ಲಿ ಯೋಚಿಸೋದೇನಿದೆ? 'ಕ್ರಾಸ್' ಬಂದದ್ದು ಮೋಟೋಕ್ರಾಸಿನಿಂದ, ಅಲ್ಲಿಗೆ ಬಂದದ್ದು ಕ್ರಾಸ್ ಕಂಟ್ರಿಯಿಂದ. ನಮ್ಮ ಶಾಲೆಗಳ ಕ್ರೀಡಾಕೂಟದಲ್ಲಿ ಅದು ಗುಡ್ಡಗಾಡು ಓಟ. ಆದ್ದರಿಂದ ಇದು ಕಾರುಗಳ ಗುಡ್ಡಗಾಡು ಓಟ.

ಎರಡನೆಯದಕ್ಕೆ ದಯವಿಟ್ಟು 'ಸ್ನಾಯುಕಾರು' ಅಂತ ಯಾರೂ ಬರೆಯಬೇಡಿ. ಕನ್ನಡದಲ್ಲಿ ಹುರಿ ಇದೆ, ಹುರಿಗಟ್ಟಿದ ಮೈ ಇದೆ, ಹುರಿಯಾಳು ಇದ್ದಾನೆ. ಹುರಿ + ಕಾರು = ಹುರಿಗಾರು. ಸಂಧಿ ತಾನಾಗಿಯೇ ಕೂಡಿ ಬರುತ್ತದೆ.

(ಧಾರವಾಡ)

———

> ಸಂಧಿ ತಾನಾಗಿಯೇ ಕೂಡಿ ಬರುತ್ತದೆ.

ಬರುತ್ತದೆ ಸರ್, ಮಳೆಯೂ ಬರುತ್ತದೆ. ಮುಂಗಾರು, ಹಿಂಗಾರು, ಈಗ ಹುರಿಗಾರು! ಓದಿದವರು ಕೂರಿಗೆ ಹಿಡಿದು ಬಿತ್ತನೆಗೆ ಹೊರಟಾರು. ಪಾರ್ಕಿಂಗ್ ಜಾಗದಲ್ಲಿ ಗುಡ್ಡ ಎಲ್ಲಿಂದ ತರುತ್ತೀರಿ ಅನ್ನೋದನ್ನೂ ಹೇಳಿಬಿಡಿ.

'ಮಸಲ್' ಮೂಲದಲ್ಲಿ ಲ್ಯಾಟಿನ್ನಿನ 'ಚಿಕ್ಕ ಇಲಿ'. ಚರ್ಮದ ಕೆಳಗೆ ಇಲಿ ಓಡಾಡಿದ ಹಾಗೆ ಕಂಡಿತಂತೆ ಅವರಿಗೆ. ನಮ್ಮವರು ಮೊಣಕಾಲಿನ ಕೆಳಗೆ ನೋಡಿ ಮೀನಖಂಡ ಅಂದರು. ಅವರಿಗೆ ಇಲಿ, ನಮಗೆ ಮೀನು! ಇದರ ಬಗ್ಗೆ ಬೇಕಾದರೆ ಆಮೇಲೆ ಉದ್ದಕ್ಕೆ ಬರೆಯುತ್ತೇನೆ, ನನಗೆ ಬಹಳ ಇಷ್ಟದ ವಿಷಯ. ಸದ್ಯಕ್ಕೆ 'ಕಟ್ಟುಮಸ್ತು ಕಾರು' ಅನ್ನಿ. ಎಲ್ಲರಿಗೂ ಅರ್ಥವಾಗುತ್ತದೆ.

(ಮೈಸೂರು)

———

'ಮಸ್ತು' ಪಾರ್ಸಿ. ಇಂಗ್ಲಿಷನ್ನು ಇಳಿಸಿ ಪಾರ್ಸಿಯನ್ನು ಕೂರಿಸೋದು ಯಾವ ಸೀಮೆಯ ಕನ್ನಡ ಸೇವೆ? ಬರೆಯೋ ಮುಂಚೆ ನಿಘಂಟು ತೆಗೆದು ನೋಡೋ ಅಭ್ಯಾಸ ಇರಬೇಕು.

(ಧಾರವಾಡ)

———

ನಿಘಂಟು ಮೇಜಿನ ಮೇಲೇ ಇದೆ. ನೀವು ಕೂತಿರೋ ಕುರ್ಚಿ ಅರಬ್ಬಿ. ಎದುರಿಗಿರೋ ಕಾಗದ ಪಾರ್ಸಿ. ನಿಮ್ಮೂರಿನವರು ಬೀಗದ ಕೈಗೆ ಚಾವಿ ಅಂದರೆ ಅದು ಪೋರ್ಚುಗೀಸು. ಹುರಿಗಾರಿನೊಳಗಿರೋ ಕಾರು ಯಾವ ಕನ್ನಡ ಸರ್? ಅರ್ಧ ಪದ ಸಾಲ ತಂದು ಮುಂದೊಂದು 'ಹುರಿ' ಅಂಟಿಸಿದರೆ ಅಚ್ಚಗನ್ನಡ ಆಗಿಬಿಡುತ್ತದಾ?

(ಮೈಸೂರು)

———

ಜಗಳದ ಮಧ್ಯೆ ಒಂದು ಮಾತು. ನಮ್ಮ ಕಡೆ ಕಂಬಳದಲ್ಲಿ ಓಟದ ದಾರಿಗೆ 'ಕರೆ' ಅಂತಾರೆ. ಎರಡಿದ್ದರೆ ಜೋಡುಕರೆ. ಹಗ್ಗ, ನೇಗಿಲು, ಅಡ್ಡ ಹಲಗೆ ಅಂತ ಅಲ್ಲೂ ವಿಭಾಗ ಇವೆ, ಗಡಿಯಾರದ ಲೆಕ್ಕವೂ ಇದೆ. ಈ ಆಟಕ್ಕೆ 'ಕಾರುಗರೆ' ಅನ್ನಬಹುದು ಅಲ್ವಾ? ಕೋನ್ ಅನ್ನೋದನ್ನು ಮಾತ್ರ ಸ್ವಲ್ಪ ನೋಡಿಕೊಂಡು ಬರೆಯಿರಿ. ನಮ್ಮಲ್ಲಿ 'ಕೋಣ ಬಿತ್ತು' ಅಂತ ಓದಿಕೊಂಡು ಜನ ಗಾಬರಿಯಾಗುತ್ತಾರೆ.

(ಮೂಡಬಿದಿರೆ)

———

ಕರೆ ಅಂದರೆ ಫೋನು. ಬೇಡ.

(ಧಾರವಾಡ)

———

ನಾನು ಪಂಡಿತ ಅಲ್ಲ, ಗ್ಯಾರೇಜ್ ಇಟ್ಟವನು. ಎರಡು ವಿಷಯ ಹೇಳಿ ಹೋಗುತ್ತೇನೆ. ಬೆಂಗಳೂರಲ್ಲಿ ಆಟೋಕ್ರಾಸ್ ಅಂದರೆ ಅದು ವಿಳಾಸ. ಆಟೋ ಅಂದರೆ ಮೂರು ಚಕ್ರದ್ದು, ಕ್ರಾಸ್ ಅಂದರೆ ಅಡ್ಡರಸ್ತೆ. 'ಆಟೋ ಸ್ಟ್ಯಾಂಡ್ ಇರೋ ಕ್ರಾಸಾ?' ಅಂತ ಕೇಳುತ್ತಾರೆ. ಗೊತ್ತಿರುವ ಹುಡುಗರಿಗೆ ಇನ್ನೊಂದು ಗೊಂದಲ, ನಮ್ಮ ಆಟೋಕ್ರಾಸ್ ಜಾಸ್ತಿ ಮಣ್ಣಲ್ಲಿ ನಡೆಯುತ್ತದೆ, ಬ್ರಿಟನ್ನಿನಲ್ಲೂ ಅಷ್ಟೇ, ಮಣ್ಣು ಇಲ್ಲವೇ ಹುಲ್ಲು. ಡಾಂಬರಿನ ಮೇಲೆ ಕೋನ್ ಇಟ್ಟು ಆಡೋದು ಅಮೆರಿಕದವರ ಅರ್ಥ. ಒಂದೇ ಪದ, ಎರಡು ಆಟ. ಅದನ್ನು ಬರಹದಲ್ಲಿ ಮೊದಲೇ ಹೇಳಿ.

ಎರಡನೇದು, 'ಮಾರ್ಪಡಿಸಿದ ಕಾರು' ಅಂತ ಯಾವ ಮೆಕ್ಯಾನಿಕ್ಕೂ ಅನ್ನೋದಿಲ್ಲ. 'ಆಲ್ಟರ್ ಮಾಡಿಸಿದ ಗಾಡಿ' ಅಂತಾರೆ. ಪ್ಯಾಂಟು ಆಲ್ಟರ್ ಮಾಡಿಸೋದಿಲ್ವಾ, ಹಾಗೆ.

(ಬೆಂಗಳೂರು)

———

ಎಲ್ಲರಿಗೂ ಥ್ಯಾಂಕ್ಸ್. ಆಲ್ಟರ್ ಹಾಕಿಕೊಂಡೆ, ಮಣ್ಣಿನ ವಿಷಯವನ್ನೂ ಸೇರಿಸಿದೆ.

ಹುರಿಗಾರು ನನಗೆ ಯಾಕೋ ಒಗ್ಗಲಿಲ್ಲ, ಮಳೆಯ ಕಾರಣಕ್ಕಲ್ಲ. ಹುರಿಗಟ್ಟಿದವನು ಅಂದರೆ ತೆಳ್ಳಗೆ, ಗಟ್ಟಿಯಾಗಿ, ಬೇಕಾದ ಕಡೆ ಬಾಗುವವನು ಅಲ್ವಾ? ಈ ಕಾರುಗಳು ಹಾಗಿಲ್ಲ. ಜನರಲ್ ಮೋಟಾರ್ಸ್‌ನಲ್ಲಿ ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಕಟ್ಟಳೆ ಇತ್ತು. ಅದೇ ಕಂಪನಿಯ ಪಾಂಟಿಯಾಕ್ ವಿಭಾಗದವರು 1964ರ ಮಾದರಿಯಲ್ಲಿ, ಬೇಕು ಅಂದವರಿಗೆ ಮಾತ್ರ ಅನ್ನೋ ನೆಪದಲ್ಲಿ 389 ಘನ ಇಂಚಿನದ್ದನ್ನು ತುರುಕಿದರು. ಅದೇ ಜಿಟಿಒ. ಮಸಲ್ ಕಾರುಗಳ ಕಥೆಯನ್ನು ಜಾಸ್ತಿ ಜನ ಅಲ್ಲಿಂದಲೇ ಶುರು ಮಾಡುತ್ತಾರೆ. ಮೂತಿ ಭಾರ, ಹಿಂದೆ ಹಲವಕ್ಕೆ ಲಾರಿಗಿರೋ ಹಾಗೆ ಪಟ್ಟಿ ಪಟ್ಟಿ ಸ್ಪ್ರಿಂಗು. ನೇರ ರಸ್ತೆಯಲ್ಲಿ ಗೂಳಿ ನುಗ್ಗಿದ ಹಾಗೆ ನುಗ್ಗುತ್ತದೆ, ತಿರುವು ಬಂದರೆ ಒಲ್ಲೆ ಅನ್ನುತ್ತದೆ. ಅಂಥದ್ದಕ್ಕೆ ಗಟ್ಟಿ ಸ್ಪ್ರಿಂಗು, ಅಗಲ ಟೈರು, ಡ್ರಮ್ ತೆಗೆದು ಡಿಸ್ಕ್ ಬ್ರೇಕು ಹಾಕಿ ಕೋನ್‌ಗಳ ಮಧ್ಯೆ ಕುಣಿಸೋದೇ ಇವರ ಹುಚ್ಚು. ಕಟ್ಟುಮಸ್ತು ಅನ್ನೋದು ಸರಿಯಾಗಿ ಕೂರುತ್ತದೆ. (ಮಸ್ಟಾಂಗ್ ಮಸಲ್ ಅಲ್ಲ, 'ಪೋನಿ' ಅನ್ನೋ ಚಿಕ್ಕ ಗಾತ್ರದ ಬಗೆಯ ಕಾರು ಅಂತ ಇಲ್ಲಿ ಬೇರೆ ಜಗಳವಿದೆ. ಅದನ್ನು ಇಲ್ಲಿಗೆ ತರೋದಿಲ್ಲ.)

ಕೋನ್‌ಗೆ ಗೂಟ ಅಂತ ಬರೆದು, ಆಟಕ್ಕೆ 'ಗೂಟದ ಕಾರೋಟ' ಅಂತ ಹೆಸರಿಟ್ಟು ಊರಲ್ಲಿರೋ ಅಮ್ಮನಿಗೆ ಫೋನಲ್ಲಿ ಓದಿದೆ. "ಗೂಟದ ಕಾರು ಮಂತ್ರಿಗಳದ್ದಲ್ವೇನೋ, ಅವರೂ ರೇಸಿಗೆ ಬರ್ತಾರಾ?" ಅಂದರು. ಅಳಿಸಿದೆ.

ಈಗ ಕಳಿಸಿರೋದು ಹೀಗೆ: ತಲೆಬರಹದಲ್ಲಿ 'ಕಟ್ಟುಮಸ್ತು ಕಾರುಗಳ ಡೊಂಕೋಟ', ಒಳಗೆಲ್ಲ ಆಟೋಕ್ರಾಸ್. ಸಂಪಾದಕರು ಒಪ್ಪಿದ್ದಾರೆ.

(ಮಿಶಿಗನ್)

———

ಡೊಂಕೋಟ ಪರವಾಗಿಲ್ಲ. ಉಳಿದದ್ದು ಪಾರ್ಸಿ ಮತ್ತು ಇಂಗ್ಲಿಷ್. ಸಂಚಿಕೆ ಬಂದಾಗ ನನಗೊಂದು ಪ್ರತಿ ಕಳಿಸೋದು ಬೇಡ.

(ಧಾರವಾಡ)

———

ಆ ಪ್ರತಿ ನನಗೆ ಕಳಿಸಿ. ಇಲಿ-ಮೀನಿನ ಬಗ್ಗೆ ನಾಳೆ ಬೇರೆ ಎಳೆಯಲ್ಲಿ ಬರೆಯುತ್ತೇನೆ.

(ಮೈಸೂರು)