ಕಬ್ಬಿಗೆ ಸುತ್ತುವ ನೀಲಿ ಹೂವಿನ ಬಳ್ಳಿ ಯಾವುದು?

ಪ್ರಶ್ನೆ (ಕಬ್ಬು ಬೆಳೆಗಾರ, ಜಮಖಂಡಿ ತಾಲ್ಲೂಕು): ನಮಸ್ಕಾರ ಸರ್. ಮಳೆಗಾಲದ ನಂತರ ನಮ್ಮ ಕಬ್ಬಿಗೆ ಒಂದು ಬಳ್ಳಿ ಹಬ್ಬುತ್ತಿದೆ. ಎಲೆಗೆ ಮೂರು ಹಾಲೆಗಳಿದ್ದು, ಕಾಂಡದ ಮೇಲೆ ರೋಮಗಳಿವೆ. ತುತ್ತೂರಿಯಾಕಾರದ ನೀಲಿ ಹೂವು ಮುಂಜಾನೆ ಅರಳಿ, ಮಧ್ಯಾಹ್ನದೊಳಗೆ ಗುಲಾಬಿ ಬಣ್ಣಕ್ಕೆ ತಿರುಗಿ ಮುದುಡುತ್ತದೆ. ಕಾಯಿಯನ್ನು ಅಪ್ಪಿಕೊಂಡಿರುವ ಹಸಿರು ಎಸಳುಗಳ ತುದಿ ಬಹಳ ಉದ್ದವಾಗಿದೆ. ಇದು ಕಾಡುಗೆಣಸೇ? ದನಗಳಿಗೆ ಹಾಕಬಹುದೇ?

ಉತ್ತರ (ಕಳೆ ತಜ್ಞ): ನಮಸ್ಕಾರ. ನೀವು ಹೇಳಿದ ಲಕ್ಷಣಗಳು, ಅದರಲ್ಲಿಯೂ ಉದ್ದ ತುದಿಯ ಹಸಿರು ಎಸಳುಗಳು, ಐಪೋಮಿಯಾ ನಿಲ್ ಎಂಬ ಬಳ್ಳಿಗೆ ಹೊಂದುತ್ತವೆ. ಬೆಳಗಾವಿಯ ಕಡೆ ಬೆಳೆಯುವ ಗೆಣಸೂ ಇದೇ ಕುಲದ್ದಾದರೂ ಇದು ಗೆಡ್ಡೆ ಕಟ್ಟುವುದಿಲ್ಲ. ಗೆಣಸಿನ ಬಳ್ಳಿ ಹೆಚ್ಚಾಗಿ ನೆಲದ ಮೇಲೆ ಹರಡಿದರೆ, ಇದು ಆಸರೆ ಸಿಕ್ಕ ಕೂಡಲೇ ಅದನ್ನು ಸುತ್ತಿಕೊಂಡು ಮೇಲೇರುತ್ತದೆ. ಮೊಗ್ಗು ಅರಳುವಾಗ ಎಸಳಿನ ಕೋಶರಸದ ಆಮ್ಲೀಯತೆ ತಗ್ಗುವುದರಿಂದ ಕೆನ್ನೇರಳೆ ಬಣ್ಣವು ನೀಲಿಯಾಗುತ್ತದೆ, ಬಾಡುವಾಗ ಮತ್ತೆ ಕೆಂಪು ಛಾಯೆ ಮರಳುತ್ತದೆ. ಚೀನಾದಿಂದ ಜಪಾನಿಗೆ ಔಷಧಿಯಾಗಿ ಹೋದ ಈ ಗಿಡದಿಂದ ಅಲ್ಲಿನವರು ಎಷ್ಟೋ ಅಲಂಕಾರಿಕ ತಳಿಗಳನ್ನು ಬೆಳೆಸಿದ್ದಾರೆ. ಹೂವಿನ ಚೆಲುವನ್ನು ನಾನೂ ಮೆಚ್ಚುತ್ತೇನೆ, ಆದರೆ ಕಬ್ಬಿನ ಹೊಲದಲ್ಲಿ ಅದಕ್ಕೆ ಜಾಗವಿಲ್ಲ.

ಬೀಜವನ್ನು ಕಾಲಾದಾನಾ ಎಂಬ ಹೆಸರಿನಲ್ಲಿ ಮಾರುತ್ತಾರೆ. ಅದರಲ್ಲಿರುವ ರಾಳವು ಬಲವಾದ ಭೇದಿಯನ್ನುಂಟುಮಾಡುತ್ತದೆ. ಆದ್ದರಿಂದ ಕಾಯಿಬಿಟ್ಟ ಬಳ್ಳಿಯನ್ನು ಕಬ್ಬಿನ ಸೋಗೆಯೊಡನೆ ಬೆರೆಸಿ ದನಗಳಿಗೆ ಹಾಕಲೇಬೇಡಿ. ಮಕ್ಕಳ ಕೈಗೂ ಬೀಜ ಸಿಗದಂತೆ ನೋಡಿಕೊಳ್ಳಿ.

ಪ್ರಶ್ನೆ (ಅದೇ ಬೆಳೆಗಾರ): ರವದಿ (ಕಬ್ಬಿನ ಒಣಗಿದ ಎಲೆ) ಹೊದಿಸಿದರೂ ಮತ್ತೆ ಹುಟ್ಟುತ್ತಿದೆ, ಸರ್. ಪಕ್ಕದಲ್ಲಿಯೇ ದ್ರಾಕ್ಷಿ ತೋಟವಿದೆ. ಕಳೆನಾಶಕ ಸಿಂಪಡಿಸಬಹುದೇ?

ಉತ್ತರ (ಕಳೆ ತಜ್ಞ): ಸಣ್ಣ ಬೀಜದ ಕಳೆಗಳನ್ನು ರವದಿ ಚೆನ್ನಾಗಿ ತಡೆಯುತ್ತದೆ, ಆದರೆ ಈ ಬಳ್ಳಿಯ ಬೀಜ ದಪ್ಪವಾಗಿದ್ದು ಅದರೊಳಗಿನ ಆಹಾರದ ಬಲದಿಂದಲೇ ಮೊಳಕೆ ಹೊದಿಕೆಯನ್ನು ದಾಟಿ ಬರುತ್ತದೆ. ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ನೀರು ಬೇಗ ಒಳಗಿಳಿಯುವುದಿಲ್ಲ. ಹೀಗಾಗಿ ಒಂದು ವರ್ಷ ಉದುರಿದ ಬೀಜಗಳು ಮುಂದಿನ ಹಲವು ವರ್ಷಗಳವರೆಗೆ ಸ್ವಲ್ಪಸ್ವಲ್ಪವಾಗಿ ಹುಟ್ಟುತ್ತಲೇ ಇರುತ್ತವೆ. ಒಂದು ಕಾಯಿಯಲ್ಲಿ ಸಾಮಾನ್ಯವಾಗಿ 4ರಿಂದ 6 ಬೀಜಗಳಿರುತ್ತವೆ. ನಡುವೆ ಆಳವಾಗಿ ಸೀಳಿದ ಬೀಜದೆಲೆಗಳಿಂದ ಎಳೆಯ ಸಸಿಯನ್ನು ಗುರುತಿಸಬಹುದು. ಆಗಲೇ ಕಿತ್ತರೆ ಕೆಲಸ ಹಗುರ. ಬಳ್ಳಿ ಕಬ್ಬುಗಳನ್ನು ಹೆಣೆದುಕೊಂಡ ಮೇಲೆ ಕಬ್ಬು ಬಾಗಿ ಬೀಳುತ್ತದೆ, ಕಟಾವೂ ಕಷ್ಟವಾಗುತ್ತದೆ.

ಕಬ್ಬಿನಲ್ಲಿ ಅಗಲ ಎಲೆಯ ಕಳೆಗಳಿಗೆ 2,4-ಡಿ ಎಂಬ ಕಳೆನಾಶಕವನ್ನು ಬಳಸುವುದುಂಟು. ಆದರೆ ಗಾಳಿಯಲ್ಲಿ ತೇಲಿಹೋದ ಅಲ್ಪ ಅಂಶವೂ ದ್ರಾಕ್ಷಿಯ ಎಲೆ, ಚಿಗುರುಗಳನ್ನು ವಿಕಾರಗೊಳಿಸುತ್ತದೆ. ತೋಟ ಪಕ್ಕದಲ್ಲಿಯೇ ಇರುವಾಗ ಅದನ್ನು ಸಿಂಪಡಿಸಬೇಡಿ. ಈಗ ಇರುವ ಬಳ್ಳಿಗಳನ್ನು ಕಾಯಿ ಒಣಗಿ ಬಿರಿಯುವ ಮೊದಲೇ ಬುಡಸಮೇತ ಕಿತ್ತು, ಹೊಲದಿಂದ ಹೊರಗೆ ಸಾಗಿಸಿರಿ.