ಬಿಬಿಸಿ ಮೈಕ್ರೋಗೆ ಹಳೆಯ ಫ್ಲಾಪಿ ಡ್ರೈವ್ ಜೋಡಿಸುವುದು: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯ ಕಾಲದ, ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಮಾಡೆಲ್ ಬಿ ಕಂಪ್ಯೂಟರ್ ಒಂದು ನಮ್ಮ ಶಾಲೆಯ ಉಗ್ರಾಣದಲ್ಲಿ ಸಿಕ್ಕಿದೆ. ಜೊತೆಗೆ ಟೀಯಾಕ್ ಎಫ್‌ಡಿ-55ಎಫ್ ಡ್ರೈವ್ ಮತ್ತು 15 ಫ್ಲಾಪಿಗಳಿವೆ. ಫ್ಲಾಪಿಗಳಲ್ಲಿ ಅಂದಿನ ಮಕ್ಕಳು ಬರೆದ ಪ್ರೋಗ್ರಾಂಗಳಿವೆಯಂತೆ. ಇನ್ನೂ ಕರೆಂಟ್ ಕೊಟ್ಟಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕರೆಂಟ್ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು ಮೇಡಂ. ಡ್ರೈವನ್ನೂ ಫ್ಲಾಪಿಗಳನ್ನೂ ಸದ್ಯಕ್ಕೆ ಬದಿಗಿಡಿ. ಮೊದಲ ಕೆಲಸ ಕಂಪ್ಯೂಟರಿನ ಒಳಗಿನ ಪವರ್ ಸಪ್ಲೈನದು.

ಅದರಲ್ಲಿ ಮೇನ್ಸ್ ಲೈನಿಗೆ ಅಡ್ಡವಾಗಿ ಎರಡು ರಿಫಾ ಕಂಪನಿಯ ಕೆಪಾಸಿಟರ್‌ಗಳಿರುತ್ತವೆ, ಸಿ1 ಮತ್ತು ಸಿ2. ಜೇನುಬಣ್ಣದ ಪಾರದರ್ಶಕ ಕವಚ, ಒಳಗೆ ಕಾಗದದ ಸುರುಳಿ. ವಯಸ್ಸಾದಂತೆ ಕವಚ ಬಿರುಕು ಬಿಡುತ್ತದೆ, ಕಾಗದ ತೇವ ಹೀರುತ್ತದೆ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಕೊಠಡಿ ತುಂಬ ಹೊಗೆ. ಸಿ1ಕ್ಕೆ 10 ನ್ಯಾನೋಫ್ಯಾರಡ್, ಸಿ2ಕ್ಕೆ 100 ನ್ಯಾನೋಫ್ಯಾರಡ್ ಹೊಸದು ಹಾಕಿ. ಎರಡೂ ಎಕ್ಸ್2 ದರ್ಜೆಯ, 275 ವೋಲ್ಟ್ ಎಸಿ ಎಂದು ಬರೆದಿರುವ ಪಾಲಿಪ್ರೊಪಿಲೀನ್ ಮಾದರಿಯೇ ಆಗಬೇಕು. ಫ್ಯಾನಿನ ಕೆಪಾಸಿಟರ್ ಅಥವಾ ಸಾಮಾನ್ಯ ಸೆರಾಮಿಕ್ ಹಾಕಲೇಬೇಡಿ. ಸಪ್ಲೈ ಬಿಚ್ಚಿದ್ದಾಗಲೇ ಸಿ9ಅನ್ನೂ ಬದಲಿಸಿ: 220 ಮೈಕ್ರೋಫ್ಯಾರಡ್, 105 ಡಿಗ್ರಿಯದು. ಅದು ಒಣಗಿದರೆ ಸಪ್ಲೈ ಸ್ಟಾರ್ಟ್ ಆಗುವುದೇ ಇಲ್ಲ.

ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್ ದಾಟಿದ ಡಿಸಿ ನಿಂತಿರಬಹುದು. ಮಲ್ಟಿಮೀಟರಿನಲ್ಲಿ ನೋಡಿ, ಸೊನ್ನೆಯ ಹತ್ತಿರ ಬಂದ ಮೇಲೇ ಕೈ ಇಡಿ. ಮೇನ್ಸ್ ಕೆಲಸ ಅಭ್ಯಾಸವಿಲ್ಲದಿದ್ದರೆ ಟಿವಿ ರಿಪೇರಿಯವರ ಕೈಗೆ ಕೊಡಿ, ಇದರಲ್ಲಿ ಸಂಕೋಚ ಬೇಡ. ಇನ್ನೊಂದು ಮಾತು: ಸಪ್ಲೈಯಿಂದ ಬೋರ್ಡಿಗೆ ಹೋಗುವ ಕೆಂಪು, ಕಪ್ಪು, ನೇರಳೆ ವೈರುಗಳನ್ನು ಕೀಳುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಅದಲುಬದಲಾದರೂ ಬೋರ್ಡಿನ ಚಿಪ್‌ಗಳು ಹೋಗುತ್ತವೆ.

ಮೊದಲ ಪರೀಕ್ಷೆ ಬೋರ್ಡಿಗೆ ಜೋಡಿಸದೆ ಆಗಲಿ. ಮೇನ್ಸ್ ಕಡೆ 60 ವಾಟ್‌ನ ಹಳೆಯ ಕಾಲದ ಬಲ್ಬ್ ಸೀರೀಸ್‌ನಲ್ಲಿರಲಿ. 5 ವೋಲ್ಟ್ ಲೈನಿಗೆ 12 ವೋಲ್ಟ್ 21 ವಾಟ್‌ನ ಕಾರಿನ ಇಂಡಿಕೇಟರ್ ಬಲ್ಬ್ ಲೋಡ್ ಆಗಿ ಇರಲಿ, ಏಕೆಂದರೆ ಖಾಲಿ ಓಡಿಸಿ ತೆಗೆದ ಅಳತೆಯನ್ನು ನಂಬುವಂತಿಲ್ಲ. 4.9ರಿಂದ 5.2 ವೋಲ್ಟ್ ಒಳಗೆ ಬಂದರೆ ಬೋರ್ಡಿಗೆ ಜೋಡಿಸಬಹುದು.

ಪ್ರಶ್ನೆ: ನೀವು ಹೇಳಿದಂತೆ ಮಾಡಿಸಿದೆವು ಸರ್. 5.04 ವೋಲ್ಟ್ ಬರುತ್ತಿದೆ. ಪರದೆಯಲ್ಲಿ 'ಬಿಬಿಸಿ ಕಂಪ್ಯೂಟರ್ 32ಕೆ', ಕೆಳಗೆ 'ಏಕಾರ್ನ್ ಡಿಎಫ್‌ಎಸ್' (ಡಿಸ್ಕ್ ನಡೆಸುವ ತಂತ್ರಾಂಶ), ಅದರ ಕೆಳಗೆ 'ಬೇಸಿಕ್' ಬಂತು. ಡ್ರೈವ್ ಜೋಡಿಸಿದರೆ ಕೆಂಪು ದೀಪ ಆರುವುದೇ ಇಲ್ಲ, ಮೋಟರ್ ಸುತ್ತುತ್ತಲೇ ಇದೆ. ಒಳಗೆ ಫ್ಲಾಪಿ ಹಾಕಿಲ್ಲ.

ಉತ್ತರ: ರಿಬ್ಬನ್ ಕೇಬಲ್ ಒಂದು ತುದಿಯಲ್ಲಿ ತಿರುವುಮುರುವಾಗಿದೆ. ಆ 34 ಪಿನ್ ಕನೆಕ್ಟರಿನಲ್ಲಿ ಬೆಸ ಸಂಖ್ಯೆಯ ಪಿನ್‌ಗಳೆಲ್ಲ ಗ್ರೌಂಡ್. ತಿರುಗಿಸಿ ಹಾಕಿದರೆ ಸಿಗ್ನಲ್ ಲೈನುಗಳೆಲ್ಲ ಗ್ರೌಂಡಿಗೆ ಸೇರುತ್ತವೆ, ಡ್ರೈವಿಗೆ ಆಯ್ಕೆ, ಮೋಟರ್, ಬರೆ ಎಂಬ ಎಲ್ಲ ಆಜ್ಞೆಗಳೂ ಒಟ್ಟಿಗೆ ಬಂದಂತೆ. ಆ ಸ್ಥಿತಿಯಲ್ಲಿ ಫ್ಲಾಪಿ ಹಾಕಿದ್ದರೆ ಹೆಡ್ (ಓದಿ ಬರೆಯುವ ಭಾಗ) ಕೆಳಗಿನ ಟ್ರ್ಯಾಕ್, ಅಂದರೆ ಮಾಹಿತಿಯ ಒಂದು ಸುತ್ತು, ಅಳಿಸಿಹೋಗಬಹುದಿತ್ತು. ಡ್ರೈವಿಗೆ ಇದರಿಂದ ಹಾನಿಯಿಲ್ಲ. ಕೇಬಲಿನ ಬಣ್ಣದ ಅಂಚು ಎರಡೂ ಕಡೆ 1ನೇ ಪಿನ್ನಿಗೆ ಬರಬೇಕು. ಡ್ರೈವಿನ ಅಂಚಿನಲ್ಲಿ ಸಣ್ಣ ಸೀಳು ಇರುವ ಬದಿಯೇ 1.

ನಡುವೆ ತಿರುಚಿದ ಪಿಸಿ ಕೇಬಲ್ ಬೇಡ, ನೇರ ಕೇಬಲ್ ಬೇಕು. ಡ್ರೈವಿನ ಬೋರ್ಡಿನ ಮೇಲೆ ಡ್ರೈವಿನ ಸಂಖ್ಯೆ ತಿಳಿಸುವ ಡಿಎಸ್0 ಜಂಪರ್ (ಎರಡು ಪಿನ್ ಸೇರಿಸುವ ಪುಟ್ಟ ತುಂಡು) ಮಾತ್ರ ಇರಲಿ. ಕೇಬಲಿನ ಕೊನೆಯ ಡ್ರೈವಿನಲ್ಲಿ ಟರ್ಮಿನೇಟರ್ ರೆಸಿಸ್ಟರ್ ಇರಬೇಕು.

ಡ್ರೈವಿಗೆ ಪವರ್ ಕಂಪ್ಯೂಟರಿನ ತಳದ ಸಾಕೆಟ್ಟಿನಿಂದಲೇ ಸಿಗುತ್ತದೆ: 5 ವೋಲ್ಟ್ ಮತ್ತು 12 ವೋಲ್ಟ್, ಎರಡರಲ್ಲೂ 1.25 ಆಂಪಿಯರ್ ಮಿತಿ. ನಿಮ್ಮ ಒಂದು ಡ್ರೈವಿಗೆ ಸಾಕು. ಡ್ರೈವ್ ಕಡೆಯ ಪ್ಲಗ್ಗಿನಲ್ಲಿ ಕೆಂಪು 5, ಹಳದಿ 12 ಆಗಿರಬೇಕು. ಹಳೆಯ ಕೇಬಲ್ ಯಾರೋ ಕೈಯಲ್ಲಿ ಬೆಸೆದದ್ದಾದರೆ ಬಣ್ಣ ನಂಬಬೇಡಿ, ಅಳೆದು ನೋಡಿ. 5ರ ಜಾಗಕ್ಕೆ 12 ಹೋದರೆ ಡ್ರೈವಿನ ಚಿಪ್‌ಗಳು ಒಂದೂ ಉಳಿಯುವುದಿಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಾನು ಉಡುಪಿಯವನು. ನನ್ನ ಬಿಬಿಸಿಯಲ್ಲಿ 'ಡಿಸ್ಕ್ ಫಾಲ್ಟ್ 18' ಬರುತ್ತದೆ. ಒಮ್ಮೊಮ್ಮೆ ಮಾತ್ರ ಓದುತ್ತದೆ. ಫ್ಲಾಪಿಗಳ ಮೇಲೆ ಬಿಳಿ ಚುಕ್ಕೆಗಳಿವೆ.

ಉತ್ತರ: 18 ಎಂದರೆ ಸೆಕ್ಟರ್ (ಟ್ರ್ಯಾಕಿನ ಒಂದು ತುಂಡು) ಸಿಗಲಿಲ್ಲ ಎಂದು. ಬಿಳಿ ಚುಕ್ಕೆ ಬೂಷ್ಟು, ಕರಾವಳಿಯ ಮಳೆಗಾಲದ ತೇವಕ್ಕೆ ಬಂದದ್ದು. ಬೂಷ್ಟು ಹಿಡಿದ ಫ್ಲಾಪಿ ಹಾಕುವುದನ್ನು ಈಗಲೇ ನಿಲ್ಲಿಸಿ. ಆ ಕೊಳೆ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಒಳ್ಳೆಯ ಫ್ಲಾಪಿಯ ಮೇಲೂ ಉಂಗುರದಂತೆ ಗೀರು ಎಳೆಯುತ್ತದೆ.

ಹೆಡ್ಡನ್ನು 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ. ಕಡ್ಡಿ ಕಪ್ಪಾಗದೆ ಬರುವ ತನಕ ಹೊಸ ಕಡ್ಡಿ ಬಳಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಅಂಟಾಗಿ ಉಳಿಯುತ್ತದೆ. ಎರಡು ಬದಿ ಓದುವ ಡ್ರೈವಿನಲ್ಲಿ ಮೇಲಿನ ಹೆಡ್ ತೆಳುವಾದ ಸ್ಪ್ರಿಂಗ್ ತಗಡಿನ ಮೇಲೆ ಕೂತಿದೆ, ಕಡ್ಡಿ ತೂರುವಷ್ಟು ಎತ್ತಿದರೆ ಸಾಕು. ಹೆಚ್ಚು ಎತ್ತಿ ಅದು ಬಾಗಿದರೆ ಸರಿಮಾಡುವ ದಾರಿಯಿಲ್ಲ. ಹೆಡ್ ಓಡಾಡುವ ಎರಡು ಕಂಬಿಗಳಲ್ಲಿ ಹಳೆಯ ಗ್ರೀಸ್ ಮೇಣದಂತಾಗಿದ್ದರೆ ಒರೆಸಿ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ಹನಿ ಸವರಿ. ಹೆಡ್ ಜಾಗಕ್ಕೆ ತಲುಪದೆ 18 ಬರುವುದು ಹೆಚ್ಚಾಗಿ ಇದರಿಂದಲೇ. ಹೆಡ್ಡನ್ನು ಸರಿಸುವ ಸ್ಟೆಪ್ಪರ್ ಮೋಟರಿನ ಸ್ಕ್ರೂಗಳನ್ನು ಮುಟ್ಟಬೇಡಿ. ಅಲೈನ್‌ಮೆಂಟ್ ನಿಂತಿರುವುದು ಅವುಗಳ ಮೇಲೆಯೇ.

ಮುಖ್ಯ ಫ್ಲಾಪಿಗೆ ಬೂಷ್ಟು ಹಿಡಿದಿದ್ದರೆ ಕವಚದ ಒಂದು ಅಂಚನ್ನು ಬ್ಲೇಡಿನಿಂದ ಬಿಡಿಸಿ, ಒಳಗಿನ ತಟ್ಟೆ ತೆಗೆದು, ಡಿಸ್ಟಿಲ್ಡ್ ವಾಟರ್ ಮತ್ತು ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಮೆತ್ತಗೆ ಒರೆಸಿ. ಪೂರ್ತಿ ಒಣಗಿದ ಮೇಲೆ ಶುದ್ಧವಾದ ಬೇರೆ ಕವಚಕ್ಕೆ ಹಾಕಿ ಓದಿಸಿ. ಯಾವ ಬದಿ ಮೇಲಿತ್ತು ಎಂದು ನಡುವಿನ ಉಂಗುರದ ಹತ್ತಿರ ಗುರುತು ಮಾಡಿಕೊಳ್ಳಿ.

ಇನ್ನೊಬ್ಬ ತಂತ್ರಜ್ಞರು ಸೇರಿಸಿದ್ದು: ಉಡುಪಿಯವರು ಕೀಬೋರ್ಡ್ ಬೋರ್ಡಿನ ಬಲ ಮೂಲೆಯ ಲಿಂಕ್‌ಗಳನ್ನೂ ನೋಡಲಿ. 3 ಮತ್ತು 4ನೇ ಲಿಂಕ್ ಹೆಡ್ಡಿನ ವೇಗ ನಿರ್ಧರಿಸುತ್ತವೆ. ಡ್ರೈವ್ ನಿಯಂತ್ರಿಸುವ 8271 ಚಿಪ್ ಇರುವ ಬೋರ್ಡಿನಲ್ಲಿ ಎರಡನ್ನೂ ಜೋಡಿಸಿದ್ದರೆ ಹೆಜ್ಜೆಗೆ 4 ಮಿಲಿಸೆಕೆಂಡ್, ಎರಡನ್ನೂ ತೆಗೆದರೆ 24. ಹಳೆಯ ಡ್ರೈವಿಗೆ ನಿಧಾನವೇ ಕ್ಷೇಮ. ವೇಗದ ಅನುಮಾನವಿದ್ದರೆ ಡ್ರೈವಿನ ಚಕ್ರದ ಮೇಲಿನ 50 ಹರ್ಟ್ಸ್ ಗೆರೆಗಳನ್ನು ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನ ಕೆಳಗೆ ನೋಡಿ, ನಿಂತಂತೆ ಕಂಡರೆ ನಿಮಿಷಕ್ಕೆ 300 ಸುತ್ತು ಸರಿಯಿದೆ. ಎಲ್ಇಡಿ ಬೆಳಕನ್ನು ಇದಕ್ಕೆ ನಂಬುವಂತಿಲ್ಲ.

ಪ್ರಶ್ನೆ: ಕೇಬಲ್ ಸರಿಮಾಡಿದೆವು, ಖಾಲಿ ಫ್ಲಾಪಿ ಓದಿ ಬರೆಯುತ್ತಿದೆ ಸರ್. ಮಕ್ಕಳ ಫ್ಲಾಪಿಗಳನ್ನು ಪೆನ್‌ಡ್ರೈವಿಗೆ ತರಬೇಕು. ಫ್ಲಾಪಿ ಡ್ರೈವಿನ ಜಾಗದಲ್ಲಿ ಪೆನ್‌ಡ್ರೈವ್ ಬಳಸಲು ಬಿಡುವ ಗೋಟೆಕ್ ಸಾಧನ ಸಾಕೇ?

ಉತ್ತರ: ಸಾಕು. ಗೋಟೆಕ್ಕಿಗೆ ಫ್ಲ್ಯಾಶ್‌ಫ್ಲಾಪಿ ಫರ್ಮ್‌ವೇರ್ ಹಾಕಿ, ಅದರ ಸೆಟ್ಟಿಂಗ್ ಫೈಲಿನಲ್ಲಿ ಹೋಸ್ಟ್ ಎಂಬಲ್ಲಿ ಏಕಾರ್ನ್ ಎಂದು ಕೊಡಿ. ಜಂಪರ್ ಎಸ್1ರಲ್ಲಿರಲಿ. ಆಗ ನಿಮ್ಮ ಟೀಯಾಕ್ ಡ್ರೈವ್ 0, ಗೋಟೆಕ್ ಡ್ರೈವ್ 1. ಎರಡನೆಯ ಬದಿಗಳು ಕ್ರಮವಾಗಿ 2 ಮತ್ತು 3. ಪೆನ್‌ಡ್ರೈವಿನಲ್ಲಿ ಖಾಲಿ ಎಸ್‌ಎಸ್‌ಡಿ ಫೈಲ್ (ಫ್ಲಾಪಿಯ ಒಂದು ಬದಿಯ ಪಡಿಯಚ್ಚಾಗುವ ಫೈಲ್) ಇಡಿ: 80 ಟ್ರ್ಯಾಕ್, ಟ್ರ್ಯಾಕಿಗೆ 10 ಸೆಕ್ಟರ್, ಸೆಕ್ಟರಿಗೆ 256 ಬೈಟ್, ಒಟ್ಟು 2,04,800 ಬೈಟ್. ಫ್ಲಾಪಿಯೂ 80 ಟ್ರ್ಯಾಕಿನದೇ ಆಗಿರಬೇಕು. 40 ಟ್ರ್ಯಾಕಿನದಾದರೆ ನಿಮ್ಮ ಡ್ರೈವಿನ ಹೆಡ್ ಪ್ರತಿ ಸಲ ಎರಡು ಹೆಜ್ಜೆ ಇಡಬೇಕಾಗುತ್ತದೆ. ಡ್ರೈವಿನ ಡಬ್ಬಿಯಲ್ಲಿ 40/80 ಸ್ವಿಚ್ ಇದ್ದರೆ ಅದನ್ನು 40ಕ್ಕೆ ತಿರುಗಿಸಿ, 40 ಟ್ರ್ಯಾಕಿನ ಫೈಲ್ ಬಳಸಿ ಓದಿ. ಓದಲು ಮಾತ್ರ, ಬರೆಯಲು ಬೇಡ.

ಒಂದೇ ಒಂದು ವಿಷಯದಲ್ಲಿ ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ ಮೇಡಂ. ಪ್ರತಿ ಫ್ಲಾಪಿಯನ್ನು ಡ್ರೈವಿಗೆ ಹಾಕುವ ಮೊದಲು ಅದರ ಪಕ್ಕದ ಚೌಕದ ಸೀಳಿಗೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ. 5.25 ಇಂಚಿನದರಲ್ಲಿ ಸೀಳು ಮುಚ್ಚಿದರೇ ಬರೆಯುವುದು ನಿಲ್ಲುವುದು. ಪಾರದರ್ಶಕ ಸೆಲ್ಲೋಟೇಪ್ ಆದರೆ ಬೆಳಕಿನ ಸೆನ್ಸರಿಗೆ ಅದು ಕಾಣುವುದೇ ಇಲ್ಲ. ಆಮೇಲೆ ಕೀಬೋರ್ಡಿನಲ್ಲಿ ಸ್ಟಾರ್ ಎನೇಬಲ್ (*ENABLE), ಅದರ ಬೆನ್ನಿಗೇ ಡ್ರೈವ್ 0ರಿಂದ 1ಕ್ಕೆ ನಕಲಿಸುವ ಸ್ಟಾರ್ ಬ್ಯಾಕಪ್ 0 1 (*BACKUP 0 1) ಆಜ್ಞೆ ಕೊಡಿ. ಈ ಎರಡು ಅಂಕಿ ಹಿಂದುಮುಂದಾದರೆ ಖಾಲಿ ಫೈಲ್ ಹೋಗಿ ಮಕ್ಕಳ ಫ್ಲಾಪಿಯ ಮೇಲೆ ಕೂರುತ್ತದೆ. ಆಗ ಉಳಿಸುವುದು ಆ ಟೇಪಿನ ತುಂಡು ಮಾತ್ರ.