ಬಂದರಿನ ಧೂಳು ಎಲ್ಲಿಂದ ಬರುತ್ತಿದೆ ಅಂತ ಹುಡುಕಲು ಸಹಾಯ ಬೇಕು

ನಮಸ್ಕಾರ. ನಮ್ಮ ಮನೆ ಬಂದರಿನ ಹತ್ತಿರ. ಮೂರು ತಿಂಗಳಿಂದ ಬಾಲ್ಕನಿಯಲ್ಲಿ ಸಣ್ಣ ಪಿಎಂ 2.5 (ಗಾಳಿಯಲ್ಲಿ ತೇಲುವ, 2.5 ಮೈಕ್ರಾನ್‌ವರೆಗಿನ ಅತಿ ಸಣ್ಣ ಕಣಗಳು) ಸೆನ್ಸರ್ ಇಟ್ಟು ಗಂಟೆಗೊಮ್ಮೆ ಅಂಕಿ ಬರೆದಿಡುತ್ತಿದ್ದೇನೆ. ಈ ಧೂಳು ಹಡಗಿನದ್ದೋ, ಲಾರಿಗಳದ್ದೋ, ಕಲ್ಲಿದ್ದಲು ಇಳಿಸುವ ಜಾಗದ್ದೋ ತಿಳಿಯಬೇಕು. ಮಗಳಿಗೆ ಉಬ್ಬಸ ಇದೆ, ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ.

ಹಗಲು ಗಾಳಿ ಕಡಲಿಂದ ಬೀಸುತ್ತದೆ, ರಾತ್ರಿ ನೆಲದಿಂದ ಕಡಲಿಗೆ ತಿರುಗುತ್ತದೆ. ಗಾಳಿಯ ದಿಕ್ಕಿನ ಜೊತೆ ಅಂಕಿಗಳನ್ನು ಇಟ್ಟು ನೋಡಿದರೆ ಮೂಲದ ಸುಳಿವು ಸಿಗಬೇಕು ಅಲ್ವಾ? ಆದರೆ ಬೆಳಗಿನ ಜಾವ ಗಾಳಿ ಯಾವ ಕಡೆಯಿಂದ ಬಂದರೂ ಅಂಕಿ ಜಾಸ್ತಿಯೇ ಇರುತ್ತದೆ. ತೇವ ಹೆಚ್ಚಿದ್ದಾಗ ಕಣಗಳು ನೀರು ಹೀರಿ ಉಬ್ಬುತ್ತವೆ, ಇಂಥ ಅಗ್ಗದ ಸೆನ್ಸರ್ ಅದನ್ನೂ ಧೂಳು ಅಂತಲೇ ಲೆಕ್ಕ ಹಾಕುತ್ತದೆ. ಕಡಲಿನ ಉಪ್ಪಿನ ಕಣಗಳಿಂದ ಇದು ಇನ್ನೂ ಕೆಡುತ್ತದೆ. ತೇವಾಂಶಕ್ಕೆ ತಕ್ಕಂತೆ ಅಂಕಿ ಸರಿಪಡಿಸುವ ಲೆಕ್ಕ ಯಾರಾದರೂ ಮಾಡಿದ್ದೀರಾ?

ಇನ್ನೊಂದು ವಿಷಯ. ಹಡಗಿನ ಇಂಧನದಲ್ಲಿ ಗಂಧಕದ ಮಿತಿ 2020ರಲ್ಲಿ ಶೇ 3.5ರಿಂದ ಶೇ 0.5ಕ್ಕೆ ಇಳಿಯಿತು. ಹಾಗಾದರೆ ಗಂಧಕ ಉರಿದಾಗ ಬರುವ ಸಲ್ಫರ್ ಡೈಆಕ್ಸೈಡ್ ಅನಿಲ ಅಳೆದು ಹಡಗಿನ ಹೊಗೆ ಗುರುತಿಸುವುದು ಈಗಲೂ ಆಗುತ್ತದೆಯೇ? ಫಿಲ್ಟರ್‌ನಲ್ಲಿ ಧೂಳು ಹಿಡಿದು, ಹಡಗಿನ ಭಾರಿ ಎಣ್ಣೆಯ ಹೊಗೆಯಲ್ಲಿ ಸಿಗುವ ಲೋಹಗಳಾದ ವೆನೇಡಿಯಂ, ನಿಕಲ್ ಪರೀಕ್ಷೆ ಮಾಡಿಸಿದವರಿದ್ದರೆ, ಎಷ್ಟು ದಿನ ಇಡಬೇಕಾಯಿತು ಅಂತ ದಯವಿಟ್ಟು ತಿಳಿಸಿ.